ಜುಲುಮಿ ಇಲ್ಲದ ಊಟ

ವಾದ ಮಾಡಿ ಗೆಲ್ಲುವುದು ಹೇಗೆಂದು ಕಲಿಸುವವರು ನಮ್ಮೂರಲ್ಲಿ ಗಲ್ಲಿಗೊಬ್ಬರಿದ್ದಾರೆ. ಗೆದ್ದ ಮೇಲೆ ಏನು ಮಾಡಬೇಕೆಂದು ಕಲಿಸುವವರು ಒಬ್ಬರೂ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ತೊಂದರೆ ಬರುವುದಿಲ್ಲ ನೋಡಿ. ಎದುರಾಳಿಯ ಮಾತಿನಲ್ಲಿರುವ ತೂತುಗಳನ್ನೆಲ್ಲ ತೋರಿಸಿ, ಗಂಟೆ ಬಾರಿಸುವ ಮೊದಲೇ ಕೂತು, ಬಹುಮಾನದ ಕಪ್ಪು ಹಿಡಿದು ಫೋಟೋ ತೆಗೆಸಿಕೊಂಡರೆ ಮುಗಿಯಿತು. ಸೋತವರು ಅವರ ಬಸ್ಸು ಹತ್ತುತ್ತಾರೆ, ಗೆದ್ದವರು ತಮ್ಮ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಹಾಗಲ್ಲ. ಸೋತವರೂ ಗೆದ್ದವರೂ ಒಂದೇ ಸೂರಿನಡಿ ಮಲಗಿ, ಮರುದಿನದಿಂದ ಆ ತೀರ್ಪಿನ ಪ್ರಕಾರವೇ ಬದುಕಬೇಕಾಗುತ್ತದೆ. ನಾನು ನಮ್ಮವ್ವನ ವಿರುದ್ಧ ಇಡೀ ಜನ್ಮದಲ್ಲಿ ಒಂದೇ ಒಂದು ವಾದ ಗೆದ್ದಿದ್ದೇನೆ. ಅಂದಿನಿಂದ ಹದವಾಗಿ ಉಣ್ಣುತ್ತಿದ್ದೇನೆ, ಆರೋಗ್ಯವಾಗಿದ್ದೇನೆ, ಮತ್ತು ಊಟಕ್ಕೆ ಕೂತಾಗಲೆಲ್ಲ ಏನನ್ನೋ ಕಳೆದುಕೊಂಡವಳ ಹಾಗೆ ತಾಟು ನೋಡುತ್ತಿದ್ದೇನೆ.

ಧಾರವಾಡದ ಸಪ್ತಾಪುರದ ಒಂದು ಕೋಚಿಂಗ್ ಸೆಂಟರಿನಲ್ಲಿ ಸರಕಾರಿ ಪರೀಕ್ಷೆ ಬರೆಯುವವರಿಗೆ ತರ್ಕ ಕಲಿಸುವುದು ನನ್ನ ಕೆಲಸ. ಎಲ್ಲ ಕಾಗೆಗಳೂ ಕರಿ ಇದ್ದರೆ, ಕರಿ ಇರುವುದೆಲ್ಲ ಕಾಗೆಯೇ ಎಂಬಂಥ ಪ್ರಶ್ನೆಗಳನ್ನು ಬೆಳಿಗ್ಗೆಯಿಂದ ಸಂಜೆಯತನಕ ಬಿಡಿಸುತ್ತೇನೆ. ಈ ಕೆಲಸದಲ್ಲಿ ಬಾಯಿಗೆ ಬಿಟ್ಟರೆ ಬೇರಾವ ಅಂಗಕ್ಕೂ ವ್ಯಾಯಾಮವಿಲ್ಲ. ಎರಡನೇ ಮಹಡಿಯ ಕ್ಲಾಸಿಗೆ ಮೆಟ್ಟಿಲು ಹತ್ತಿ ಹೋದರೆ ಮೊದಲ ಐದು ನಿಮಿಷ ಪಾಠದ ಬದಲು ಉಸಿರೇ ಕೇಳಿಸುತ್ತಿತ್ತು. ಒಬ್ಬ ವಿದ್ಯಾರ್ಥಿನಿ ಕನಿಕರದಿಂದ ನೀರಿನ ಬಾಟಲಿ ಮುಂದೆ ಚಾಚಿದ ದಿನ ನನಗೆ ನಾಚಿಕೆಯಾಗಿ, ಕೆಲಗೇರಿ ಕೆರೆಯ ಕಡೆ ಬೆಳಿಗ್ಗೆ ಓಡುವ ಗುಂಪೊಂದನ್ನು ಸೇರಿಕೊಂಡೆ. ಗುಂಪಿನ ಹಿರಿಯರು ಒಬ್ಬ ನಿವೃತ್ತ ಪಿ.ಟಿ. ಮಾಸ್ತರರು. ಮಾತಿಗಿಂತ ಸೀಟಿ ಹೆಚ್ಚು ಬಳಸುವ ಮನುಷ್ಯ. ಚಳಿಗಾಲದಲ್ಲಿ ಒಂದು ಭಾನುವಾರ ಹುಬ್ಬಳ್ಳಿಯಿಂದ ಧಾರವಾಡದತನಕ ಓಡಿಕೊಂಡು ಬರುವುದು ಈ ಗುಂಪಿನ ಪದ್ಧತಿ. ನಾನೂ ಬರುತ್ತೇನೆ ಅಂದೆ. ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓಡೂದು ಶುರು ಆಗೂದು ಕಾಲಾಗಲ್ಲವಾ ತಂಗಿ, ತಾಟಿನ್ಯಾಗ. ಮೊದಲ ಅದನ್ನ ಸರಿ ಮಾಡ್ಕೊ," ಅಂದರು. "ಹಂಗನ್ನಾಕ ಆಧಾರ ಏನ್ರಿ ಸರ್?" ಅಂತ ಕೇಳಿದೆ. ಅಭ್ಯಾಸಬಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಆಧಾರ ನಿನಗ ಆ ಏರಿನ್ಯಾಗ ಸಿಗತೈತಿ," ಅಂದು ಮುಂದಿದ್ದ ದಿಬ್ಬದ ದಾರಿ ತೋರಿಸಿ ಸೀಟಿ ಊದಿದರು. ಸಿಕ್ಕಿತು. ಹಿಂದಿನ ದಿನ ಉಂಡಿದ್ದೆಲ್ಲ ನನ್ನ ಜೊತೆಗೇ ಏರು ಹತ್ತುತ್ತಿರುವುದು ಸ್ಪಷ್ಟವಾಗಿ ತಿಳಿಯಿತು.

ಹಾಗೆಂದು ಯಾರೋ ಹೇಳಿದ್ದನ್ನು ತಿಂದುಬಿಡುವವಳು ನಾನಲ್ಲ. ಆಹಾರದ ವಿಷಯದಲ್ಲಿ ಜಗತ್ತು ಎರಡು ಪಕ್ಷವಾಗಿದೆ. ಒಂದು ಪಕ್ಷದವರು ಡಬ್ಬಿಯಲ್ಲಿ ಬರುವ ಪುಡಿ ಕಲಸಿ ಕುಡಿದರೆ ಮಾತ್ರ ಮನುಷ್ಯನಿಗೆ ಸ್ನಾಯು ಬರುತ್ತದೆ ಅನ್ನುತ್ತಾರೆ. ಯಾಕೆ ಅಂದರೆ ಡಬ್ಬಿಯ ಮೇಲಿನ ಚಿತ್ರ ತೋರಿಸುತ್ತಾರೆ. ಇನ್ನೊಂದು ಪಕ್ಷದವರು ನಮ್ಮ ಹಿರಿಯರು ಜೋಳದ ರೊಟ್ಟಿ, ಉಳ್ಳಾಗಡ್ಡಿ ತಿಂದು ಕಲ್ಲಿನಂಗ ಇದ್ದರು ಅನ್ನುತ್ತಾರೆ. ಈ ವಾದ ನಮ್ಮ ಅಪ್ಪನದೂ ಹೌದು. ಅಪ್ಪನದು ಬೀಜ-ಗೊಬ್ಬರದ ಅಂಗಡಿ. ಕೂತಲ್ಲಿಂದ ಏಳದೆ ದಿನವಿಡೀ ಹಿರಿಯರ ಗಟ್ಟಿತನದ ಬಗ್ಗೆ ಮಾತಾಡಬಲ್ಲರು. "ಕಲ್ಲಿನಂಗ ಇರಲಾರದ ಹಿರಿಯಾರು ಲಗೂನ ಹೋಗಿಬಿಟ್ರಪ್ಪಾ, ಅವರನ್ನ ನೀ ಲೆಕ್ಕಕ್ಕ ಹಿಡೀಲಿಲ್ಲ," ಅಂದೆ. ಅಪ್ಪ, "ಅವರು ರೊಟ್ಟಿ ಕಡಿಮಿ ತಿಂದಿರಬೇಕು," ಅಂದರು. ಎರಡೂ ಪಕ್ಷಗಳನ್ನು ಬಿಟ್ಟು, ಓದಿ, ತೂಗಿ ನೋಡಿ ನಾನೇ ಒಂದು ಯೋಜನೆ ಮಾಡಿದೆ. ಓಡುವ ಮೊದಲು ಬಾಳೆಹಣ್ಣು, ಓಡಿ ಬಂದ ಮೇಲೆ ಮೊಳಕೆಕಾಳು ಮತ್ತು ಮೊಸರು, ಊಟದಲ್ಲಿ ಅರ್ಧ ತಾಟು ಪಲ್ಯ-ಪಚಡಿ, ಉಳಿದರ್ಧದಲ್ಲಿ ಕಾಳು ಮತ್ತು ರೊಟ್ಟಿ. ಅವ್ವನ ಅಡಿಗೆಯನ್ನು ಬುಡಸಮೇತ ಬದಲಿಸಬೇಕಾದೀತು ಅಂದುಕೊಂಡು ಹುರುಪಿನಿಂದ ಅಡಿಗೆಮನೆಗೆ ಹೋದರೆ ನಿರಾಶೆ ಕಾದಿತ್ತು. ಮಡಕಿಕಾಳು ಮೊಳಕೆ ಬಂದು ಕೂತಿತ್ತು, ಮೆಂತ್ಯಸೊಪ್ಪು ಹೆಚ್ಚಿ ಇಟ್ಟಾಗಿತ್ತು, ಅಗಸಿ ಚಟ್ನಿ, ಮೊಸರು, ಸೌತೆಕಾಯಿ ಎಲ್ಲ ಇದ್ದವು. ನಮ್ಮ ಮನೆಯಲ್ಲಿ ಪದಾರ್ಥ ಸರಿಯೇ ಇತ್ತು. ತಪ್ಪಿದ್ದು ಪ್ರಮಾಣ. ಆ ಪ್ರಮಾಣವೋ ನನ್ನ ಕೈಯಲ್ಲಿರಲಿಲ್ಲ.

ಬೇರೆ ಸೀಮೆಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಉಣ್ಣುವವರು ಬೇಕು ಅನ್ನುವುದಿಲ್ಲ, ಬಡಿಸುವವರು ಬೇಕೇನು ಅಂತ ಕೇಳುವುದಿಲ್ಲ. ಉಣ್ಣುವವರು ಬ್ಯಾಡ ಅನ್ನಬೇಕು, ಬಡಿಸುವವರು ಹಾಕಬೇಕು. ಇದಕ್ಕೆ ಜುಲುಮಿ ಅಂತ ಹೆಸರು. ಹೊರಗಿನವರಿಗೆ ಇದು ದಬ್ಬಾಳಿಕೆಯ ಹಾಗೆ ಕೇಳಿಸೀತು, ಊಟದ ಮನೆಯಲ್ಲಿ ಮಾತ್ರ ಮರ್ಯಾದೆ. ಜುಲುಮಿ ಮಾಡದೆ ಬಡಿಸಿದರೆ ಉಂಡವರು ಹೊರಗೆ ಹೋಗಿ, "ಉಂಡ್ವಿ ಬಿಡ್ರಿ, ಏನ ಹೇಳೂದು," ಅನ್ನುತ್ತಾರೆ. ನಮ್ಮವ್ವ ಈ ವಿದ್ಯೆಯಲ್ಲಿ ಪಳಗಿದವಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಬೆನ್ನು ಇತ್ತ ಇದ್ದರೂ, ಯಾರ ತಾಟಿನಲ್ಲಿ ಎಷ್ಟು ಉಳಿದಿದೆ ಅಂತ ಅವಳಿಗೆ ಗೊತ್ತಿರುತ್ತಿತ್ತು. ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ಇಳಿಸಿ ಬಂದು ನಿಲ್ಲುವಳು. ನಾನು ಎರಡೂ ಕೈ ತಾಟಿಗೆ ಅಡ್ಡ ಹಿಡಿಯುವೆ. "ತೆಳ್ಳಗ ಬಡದೇನಿ, ಹಾಳಿ ಇದ್ದಂಗ ಐತಿ ನೋಡು." ಬ್ಯಾಡ ಅನ್ನುವೆ. "ಅರ್ಧಾರ ಹಾಕ್ಕೊ." ಅಂದವಳೇ ಮುರಿದೇಬಿಡುವಳು. ಮುರಿದ ಮೇಲೆ ಉಳಿದ ಅರ್ಧಕ್ಕೆ ದಿಕ್ಕು ಯಾರು? "ಅರ್ಧಾ ಇಟ್ಕೊಂಡ ನಾ ಏನ ಮಾಡಲಿ?" ಅಂತ ಅದೂ ಬಂದು ಬೀಳುವುದು. ಅಪ್ಪನ ಪದ್ಧತಿ ಬೇರೆ. ಅವರು ಬಾಯಿ ಬಿಡದೆ ಒಂದೇ ಅಂಗೈಯನ್ನು ತಾಟಿನ ಮೇಲೆ ಓರೆಯಾಗಿ ಹಿಡಿಯುವರು; ಸರಿಯಾಗಿ ಒಂದು ರೊಟ್ಟಿ ಜಾರಿ ಒಳಗೆ ಹೋಗುವಷ್ಟು ಓರೆ.

ಇಂಥ ಮನೆಯಲ್ಲಿ ಆಹಾರದ ಯೋಜನೆ ಅಂದರೆ ಹರಿಯುವ ನೀರಿನ ಮೇಲೆ ರಂಗೋಲಿ. ಹಾಗಾಗಿ ಒಂದು ಸಂಜೆ ಊಟದ ಹೊತ್ತಿಗೆ ನಾನು ವಿಷಯ ಮಂಡಿಸಿದೆ. ಸಿದ್ಧತೆ ಮಾಡಿಕೊಂಡೇ ಕೂತಿದ್ದೆ. ಹಸಿವು ಯಾರದೋ ನಿರ್ಣಯ ಅವರದು ಅಂದೆ. ಒಬ್ಬರು ಬ್ಯಾಡ ಅಂದದ್ದನ್ನು ಇನ್ನೊಬ್ಬರು ಬೇಕು ಅಂತ ಓದಿಕೊಂಡರೆ ಭಾಷೆ ಇದ್ದು ಏನು ಪ್ರಯೋಜನ ಅಂದೆ. ಪ್ರೀತಿಯನ್ನು ರೊಟ್ಟಿಯಲ್ಲಿ ಅಳೆಯುವುದಾದರೆ ಹೋಟೆಲಿನ ಮಾಣಿ ನಮ್ಮೆಲ್ಲರ ತಾಯಿಯಾಗಬೇಕಿತ್ತು ಅಂದೆ. ಈ ಕೊನೆಯ ವಾಕ್ಯಕ್ಕೆ ಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅವ್ವ ಲಟ್ಟಣಿಗೆಯನ್ನೇನೂ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಖರೇ ಐತಿ ನೀ ಹೇಳೂದು," ಅಂದಳು. "ಇನ್ನ ಮ್ಯಾಲೆ ಸಾಕು ಅಂದ್ರ ಸಾಕು. ನಾ ಜುಲುಮಿ ಮಾಡೂದಿಲ್ಲ, ಹೋಗು." ನಾನು ಖಂಡನೆಗೆ ಮರುಖಂಡನೆ ಸಿದ್ಧಪಡಿಸಿಕೊಂಡು ಕೂತಿದ್ದೆ. ಅದಕ್ಕೆ ಕೆಲಸವೇ ಬರಲಿಲ್ಲ. ಅಪ್ಪ ನನ್ನತ್ತ ಬಗ್ಗಿ ಪಿಸುಮಾತಿನಲ್ಲಿ, "ಎಂಥಾ ಕೆಲಸಾ ಮಾಡಿದೆವಾ," ಅಂದರು. ನಾನು ಅದನ್ನು ಮೆಚ್ಚುಗೆ ಅಂತ ತಿಳಿದುಕೊಂಡೆ.

ಅವ್ವ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ನನ್ನ ಹತ್ತಿರ ಉತ್ತರವಿದೆ. ಅವಳು ಸಿಟ್ಟಾಗಲಿಲ್ಲ, ಮಾತು ಒಪ್ಪಿಕೊಂಡಳು, ಅಷ್ಟೆ. ಮರುದಿನದಿಂದ ರೊಟ್ಟಿಯನ್ನೆಲ್ಲ ಒಮ್ಮೆಲೇ ಮಾಡಿ, ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟು, ಪಲ್ಯದ ಪಾತ್ರೆಗಳನ್ನು ನಡುವೆ ಇಟ್ಟು, "ಎಷ್ಟ ಬೇಕೋ ಅಷ್ಟ ತಗೋರಿ," ಅಂದು ತಾನೂ ತಾಟು ಹಾಕಿಕೊಂಡು ನಮ್ಮ ಜೊತೆ ಕೂತಳು. ಅಪ್ಪ ಮೊದಮೊದಲು ಅಭ್ಯಾಸದಂತೆ ಅಂಗೈ ಓರೆ ಹಿಡಿದು ಕಾಯುತ್ತಿದ್ದರು. ಯಾರೂ ದಾಳಿ ಮಾಡದೆ ಇದ್ದಾಗ, ಬಸ್ಸು ಬಾರದ ಸ್ಟಾಪಿನಲ್ಲಿ ನಿಂತವರ ಹಾಗೆ ಆ ಕೈಯನ್ನು ಒಮ್ಮೆ ನೋಡಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ನಾನು ಯೋಜನೆಯ ಪ್ರಕಾರ ಉಂಡೆ. ಏರು ಹತ್ತುವಾಗ ಉಸಿರು ಹಗುರಾಯಿತು. ಮಾಸ್ತರರು ಒಂದು ದಿನ ಸೀಟಿ ಬಾಯಿಂದ ತೆಗೆದು, "ಛಲೋ," ಅಂದರು. ಎಲ್ಲ ಸರಿಯಾಗಿಯೇ ಇತ್ತು.

ಆದರೆ ಊಟ ರುಚಿಸದಾಯಿತು. ಉಪ್ಪು-ಖಾರದಲ್ಲಿ ಕೊರತೆ ಇರಲಿಲ್ಲ, ಪರೀಕ್ಷಿಸಿ ನೋಡಿದ್ದೇನೆ. ಎರಡನೇ ರೊಟ್ಟಿ ಮುಗಿಯುವ ಹೊತ್ತಿಗೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು, ಕಿವಿ ಅವ್ವನ ಬಳೆಯ ಸದ್ದಿಗೆ ಕಾಯುತ್ತಿತ್ತು, ಎರಡೂ ಕೈ ಎದ್ದು ತಾಟಿಗೆ ಅಡ್ಡ ಬರುತ್ತಿದ್ದವು. ಯಾರೂ ಬರುತ್ತಿರಲಿಲ್ಲ. ಒಂದು ದಿನ ಬೇಕಂತಲೇ ಸ್ವಲ್ಪ ಜೋರಾಗಿ, "ಸಾಕಪ್ಪಾ ಸಾಕು," ಅಂದೆ. ಅವ್ವ ತನ್ನ ತಾಟಿನಿಂದ ತಲೆಯೆತ್ತದೆ, "ಹೂಂ," ಅಂದಳು. ಇನ್ನೊಂದು ದಿನ ಪಲ್ಯದ ಎಣ್ಣೆಯನ್ನು ಬೆರಳಿನಿಂದ ಒರೆಸಿ ಒರೆಸಿ, ಹಸಿವಿದೆಯೆಂದು ಕಲ್ಲಿಗೂ ತಿಳಿಯುವ ಹಾಗೆ ಕೂತೆ. "ಉಂಡ ಆತಲ್ಲವಾ, ಏಳು. ಕೈ ಒಣಗ್ತೈತಿ," ಅಂದಳು. ಬುಟ್ಟಿ ನನ್ನ ಕೈಯಳತೆಯಲ್ಲೇ ಇತ್ತು. ಬಟ್ಟೆ ಸರಿಸಿ ಒಂದು ತೆಗೆದುಕೊಂಡಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಒಮ್ಮೆ ತೆಗೆದುಕೊಂಡೂ ನೋಡಿದೆ. ಅದೇ ಹಿಟ್ಟು, ಅದೇ ಹಂಚು, ಅದೇ ಕೈ. ತಿಂದದ್ದು ಹೊಟ್ಟೆಗೆ ಹೋಯಿತು, ಬೇರೆಲ್ಲಿಗೂ ಹೋಗಲಿಲ್ಲ.

ಮನೆಯಲ್ಲಿ ಸಿಗದಿದ್ದರೆ ಹೊರಗೆ ಸಿಕ್ಕೀತು ಎಂಬ ಆಸೆಯಿಂದ ಹಳೇ ಹುಬ್ಬಳ್ಳಿಯ ಚಿಗವ್ವನ ಮನೆಗೆ ಹೋದೆ. ಚಿಗವ್ವ ಅಂದರೆ ಅವ್ವನ ತಂಗಿ. ಜುಲುಮಿಯಲ್ಲಿ ಅಕ್ಕನನ್ನೂ ಮೀರಿಸಿದವಳು. ಆ ದಿನ ಅವಳ ಅಳಿಯ ಬಂದಿದ್ದ, ಹೋಳಿಗೆ ಮಾಡಿದ್ದಳು. ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಆ ಕಡೆ ಅಳಿಯ, ಈ ಕಡೆ ನಾನು. ಯೋಜನೆಗೆ ಒಂದು ದಿನ ರಜೆ ಅಂತ ಮನಸ್ಸಿನಲ್ಲೇ ಮಂಜೂರು ಮಾಡಿಕೊಂಡಿದ್ದೆ. ಚಿಗವ್ವ ಹೋಳಿಗೆಯ ಪರಾತ ಹಿಡಿದು ಬಂದಳು. ಅಳಿಯ ತಾಟಿನ ಮೇಲೆ ಬಗ್ಗಿ ಎದೆಯಿಂದಲೇ ಅದನ್ನು ಮುಚ್ಚಿದ. ಚಿಗವ್ವ ಬಲಗಡೆ ತೋರಿಸಿ ಎಡಗಡೆಯಿಂದ ಹಾಕಿದಳು, ಅದರ ಮೇಲೆ ತುಪ್ಪ ಸುರಿದಳು. "ಅತ್ತೀ, ಸಾಯ್ತೇನ್ರೀ," ಅಂದ ಅಳಿಯ. "ಹೋಳಿಗಿ ತಿಂದ ಯಾರೂ ಸತ್ತಿಲ್ಲ, ಸುಮ್ನ ಉಣ್ರಿ," ಅಂದಳು ಚಿಗವ್ವ. ನಾನು ಎರಡೂ ಕೈ ಅಡ್ಡ ಹಿಡಿದು, ಬ್ಯಾಡ ಅನ್ನಲು ಬಾಯಿ ತೆರೆದೆ. ಚಿಗವ್ವ ನನ್ನನ್ನು ದಾಟಿ ಮುಂದೆ ಹೋದಳು.

"ಚಿಗವ್ವಾ," ಅಂದೆ.

"ಗೊತ್ತೈತವಾ, ಗೊತ್ತೈತಿ. ನಿಮ್ಮವ್ವ ಮುಂಜಾನೆನ ಫೋನ್ ಮಾಡಿದ್ಲು. ಓಡೂ ಹುಡುಗಿ ಅದಾಳ, ಲೆಕ್ಕಾ ಹಿಡದ ಉಣ್ಣತಾಳ, ಒಟ್ಟ ಜುಲುಮಿ ಮಾಡಬ್ಯಾಡ್ರಿ ಅಂದಾಳ. ನಿನಗೇನರ ಬೇಕಂದ್ರ ನೀನs ಕೇಳು."

ಕೇಳು ಅಂದರೆ ಹೇಗೆ ಕೇಳುವುದು? ಹೋಳಿಗೆ ಕೇಳಬಹುದು. ಜುಲುಮಿಯನ್ನು ಕೇಳಿ ಪಡೆಯಲು ಬರುವುದಿಲ್ಲ. ಬಡಿಸುವವರು ತಾವಾಗಿ ಮಾಡಿದರೆ ಮಾತ್ರ ಅದು ಜುಲುಮಿ. ಪಕ್ಕದಲ್ಲಿ ಅಳಿಯ ಬೆವರುತ್ತ ಹೋಳಿಗೆ ನುಂಗುತ್ತಿದ್ದ. "ನೀವs ಪುಣ್ಯಾ ಮಾಡೀರಿ ನೋಡ್ರಿ," ಅಂದ ನನಗೆ, ಕಣ್ಣಲ್ಲಿ ನಿಜವಾದ ಅಸೂಯೆ ತುಂಬಿಕೊಂಡು. ಅವನ ತಾಟಿನಲ್ಲಿ ತುಪ್ಪ ಹರಿದು ನನ್ನ ಕಡೆಯ ಅಂಚಿನವರೆಗೂ ಬಂದು ನಿಂತಿತ್ತು. ನಾನೂ ಅವನನ್ನು ಅದೇ ಕಣ್ಣಿನಿಂದ ನೋಡುತ್ತಿದ್ದೆನೆಂದು ಅವನಿಗೆ ಹೇಗೆ ಹೇಳಲಿ?

ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಕಲಿತ ವಿದ್ಯೆಯನ್ನೆಲ್ಲ ಬಳಸಿ ವಿಚಾರ ಮಾಡಿದೆ. ನಾನು ಯಾರ ಮಾತನ್ನೂ ಆಧಾರವಿಲ್ಲದೆ ನಂಬದವಳು ಅಂತ ಹೆಮ್ಮೆಪಡುತ್ತೇನಲ್ಲ, ನನಗಿಂತ ದೊಡ್ಡ ಅನುಮಾನದವಳು ನಮ್ಮವ್ವ. ಹುಟ್ಟಿದಾಗಿನಿಂದ ನಾನು ಹೊಟ್ಟೆ ತುಂಬಿತು ಅಂತ ಎಷ್ಟು ಸಲ ಹೇಳಿದ್ದೆನೋ ಅಷ್ಟು ಸಲವೂ ಅವಳು ನಂಬಿರಲಿಲ್ಲ. ಪ್ರತಿ ಹೊತ್ತೂ ಹೊಸದಾಗಿ ಪರೀಕ್ಷಿಸುತ್ತಿದ್ದಳು. ನನ್ನ ಹಸಿವಿನ ಬಗ್ಗೆ ನನ್ನ ಸಾಕ್ಷಿಯೇ ಸಾಲದೆನ್ನುವಷ್ಟು ತಲೆಕೆಡಿಸಿಕೊಳ್ಳುವವರು ಈ ಭೂಮಿಯ ಮೇಲೆ ಇನ್ನೆಷ್ಟು ಜನ ಸಿಕ್ಕಾರು? ಕೋಚಿಂಗ್ ಸೆಂಟರಿನಲ್ಲಿ ಸಾಕು ಅಂದರೆ ಸಾಕು. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮದುವೆಗೆ ನೋಡಲು ಬಂದವರ ಮುಂದೆ, ಎಲ್ಲ ಕಡೆ ಬ್ಯಾಡ ಅಂದರೆ ಬ್ಯಾಡ ಅಂತಲೇ ಇರಬೇಕು, ಅದಕ್ಕಾಗಿ ನಾನು ನಾಳೆಯೂ ವೇದಿಕೆ ಹತ್ತಲು ಸಿದ್ಧ. ಆದರೆ ಒಂದೇ ಒಂದು ತಾಟಿನ ಮುಂದೆ ಮಾತ್ರ ನನ್ನ ಮಾತಿಗೆ ಬೆಲೆ ಇರಬಾರದಾಗಿತ್ತು. ಆ ಒಂದು ಜಾಗವನ್ನೂ ನಾನು ತರ್ಕದಿಂದ ಸಾರಿಸಿ ಗುಡಿಸಿ ಇಟ್ಟಿದ್ದೆ.

ಹಾಗಾದರೆ ತೀರ್ಪು ವಾಪಸು ತೆಗೆದುಕೊಳ್ಳಬಹುದಿತ್ತಲ್ಲ ಅನ್ನುತ್ತೀರಿ. ಅದನ್ನೇ ನಿರ್ಧರಿಸಿಕೊಂಡು ಮನೆಗೆ ಬಂದೆ. ಆ ಸಂಜೆ ಊಟಕ್ಕೆ ಕೂತು, ವಿಷಯ ತೆಗೆಯಲು ಗಂಟಲು ಸರಿಮಾಡಿಕೊಂಡು ಎದುರಿಗೆ ನೋಡಿದೆ. ಅವ್ವ ಬುಟ್ಟಿಯಿಂದ ಬಿಸಿ ಆರದ ರೊಟ್ಟಿ ತೆಗೆದು, ಮೇಲೆ ಬೆಣ್ಣೆ ಇಟ್ಟು, ಅದು ಕರಗುವುದನ್ನೇ ನೋಡುತ್ತ ಕೂತಿದ್ದಳು. ಕರಗಿದ ಮೇಲೆ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ನಾ ಮಾಡಿದ್ದ ರೊಟ್ಟಿ ಬಿಸಿದು ಹಿಂಗಿರತಾವಂತ ನನಗs ಗೊತ್ತಿರಲಿಲ್ಲ ನೋಡ್ರಿ," ಅಂದಳು ಅಪ್ಪನಿಗೆ. ಜುಲುಮಿ ಮಾಡುವವರು ನಿಂತೇ ಇರಬೇಕು. ಎಲ್ಲರದೂ ಆದ ಮೇಲೆ ಒಲೆಯ ಬದಿಯಲ್ಲಿ ಕೂತು, ಆರಿ ಬೆಂಡಾದದ್ದನ್ನು ಮಜ್ಜಿಗೆಯಲ್ಲಿ ಅದ್ದಿ ತಿನ್ನಬೇಕು. ಇದು ನನ್ನ ವಾದದಲ್ಲಿ ಎಲ್ಲೂ ಬಂದಿರಲಿಲ್ಲ. ನಾನು ನನ್ನ ಹೊಟ್ಟೆಯ ಸ್ವಾತಂತ್ರ್ಯಕ್ಕೆ ಮಾತ್ರ ಹೋರಾಡಿದ್ದೆ. ಈಗ ಯಾವ ಮುಖ ಇಟ್ಟುಕೊಂಡು, ಅವ್ವಾ, ನಿನ್ನ ಬಿಸಿ ರೊಟ್ಟಿ ಬಿಟ್ಟು ಎದ್ದು ನಿಂತು ನನ್ನ ಬೆನ್ನು ಹತ್ತು ಅನ್ನಲಿ? ಸರಿಪಡಿಸಿಕೊಂಡ ಗಂಟಲಿನಿಂದ ನೀರು ಕುಡಿದು ಸುಮ್ಮನಾದೆ.

ಓಟದ ಆ ಭಾನುವಾರ ಬಂತು. ಇನ್ನೂ ಮಬ್ಬಿರುವಾಗ ಹುಬ್ಬಳ್ಳಿಯಲ್ಲಿ ಶುರು ಮಾಡಿ, ನವನಗರ ದಾಟಿ, ಅರ್ಧ ದಾರಿ ಓಡುತ್ತ, ಕಾಲು ದಾರಿ ನಡೆಯುತ್ತ, ಉಳಿದದ್ದನ್ನು ಮಾಸ್ತರರ ಸೀಟಿಯ ಭಯದಿಂದ ಹೇಗೋ ಸಾಗಿಸಿ ಧಾರವಾಡ ಮುಟ್ಟಿದೆ. ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತರೆ ತುಂಬುಬದನೆ ಎಣ್ಣೆಗಾಯಿ. ಇಂಥ ದಿನ ಎಷ್ಟು ತಿಂದರೂ ಯೋಜನೆ ಅಡ್ಡ ಬರುವುದಿಲ್ಲ. ಬೇಕಾದಷ್ಟು ನಾನೇ ಹಾಕಿಕೊಂಡು ಉಂಡೆ. ಅವ್ವ ನನ್ನ ಬಾತ ಕಾಲನ್ನೊಮ್ಮೆ, ತಾಟನ್ನೊಮ್ಮೆ ನೋಡಿದಳು. ತುಟಿ ಅಲುಗಿದ ಹಾಗಾಯಿತು. ಕೊಟ್ಟ ಮಾತಿನವಳು, ಸುಮ್ಮನಾದಳು. ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿದಿತ್ತು. ಅವ್ವನ ತಾಟು ಬರಿದಾಗಿತ್ತು. ಯಾಕೋ ನಾನು ಆ ರೊಟ್ಟಿ ತೆಗೆದು ಅವಳ ತಾಟಿನ ಕಡೆ ಚಾಚಿದೆ.

"ಬ್ಯಾಡವಾ," ಅಂದಳು.

ಆಯಿತು ಅಂದು ವಾಪಸು ಬುಟ್ಟಿಗೆ ಇಟ್ಟೆ. ತತ್ವ ಅಂದಮೇಲೆ ಎಲ್ಲರಿಗೂ ಒಂದೇ. ಅವ್ವ ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇಷ್ಟs ಏನ?" ಅಂದಳು.

"ನೀನs ಬ್ಯಾಡ ಅಂದೆಲ್ಲ ಬೇ."

"ಒಂದ ಸರ್ತಿ ಅಂದ್ರ ಬಿಟ್ಟಬಿಡತಾರೇನ? ನನ್ನ ತಾಟಿಗಿ ಯಾವಾಗರ ಯಾರರ ಜುಲುಮಿ ಮಾಡಿದ್ದು ನೀ ನೋಡಿಯೇನ? ನಾ ಉಣ್ಣೂ ಹೊತ್ತಿಗೆ ನೀವೆಲ್ಲಾ ಕೈ ತೊಳಕೊಂಡ ಹೋಗಿರತಿದ್ರಿ." ದೂರಿನ ದನಿಯಲ್ಲಲ್ಲ, ಹಾಲಿನವನು ಇವತ್ತು ತಡ ಮಾಡಿ ಬಂದ ಅನ್ನುವ ದನಿಯಲ್ಲಿ ಹೇಳಿದಳು.

ನಾನು ರೊಟ್ಟಿ ಮತ್ತೆ ಕೈಗೆತ್ತಿಕೊಂಡೆ. ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರೋಧವಾಗಿಯೂ ಮಾತಾಡಬಲ್ಲ ನಾನು ಪೌಷ್ಟಿಕಾಂಶಕ್ಕೆ ಕೈ ಹಾಕಿದೆ. "ಜೋಳದಾಗ ನಾರಿನಂಶ ಭಾಳ ಇರತೈತಿ ಬೇ," ಅಂದೆ. "ನಾರ ತಗೊಂಡ ನಾ ಏನ ಹಗ್ಗಾ ಹೊಸೀಲೇನ?" ಅಂತ ಅವ್ವ ಎರಡೂ ಕೈ ತಾಟಿಗೆ ಅಡ್ಡ ಹಿಡಿದಳು, ಬೆರಳು ಬಿಗಿಯಾಗಿ ಕೂಡಿಸಿ. ಅಪ್ಪ ತಾಳಲಾರದೆ, "ಭಾಷಣಾ ಮಾಡಬ್ಯಾಡ ಹುಚ್ಚಿ, ಮುರದ ಹಾಕು!" ಅಂದರು. ಮುರಿದೆ. ಅವ್ವನ ಕೈ ಜಗ್ಗಲಿಲ್ಲ. ಕಡೆಗೆ ತರಗತಿಯಲ್ಲಿ ಯಾವ ವಿದ್ಯಾರ್ಥಿ ಬರೆದರೂ ಸೊನ್ನೆ ಕೊಡುವಂಥ ವಾದ ನನ್ನ ಬಾಯಿಂದಲೇ ಬಂತು. "ನನ್ನ ಆಣಿ ಐತಿ ನೋಡು. ತಿನ್ನಲಿಲ್ಲಂದ್ರ ನಾ ಮಾತಾಡೂದಿಲ್ಲ."

ಅವ್ವನ ಬೆರಳುಗಳ ನಡುವೆ ಸಂದು ಬಿಟ್ಟಿತು. ಅರ್ಧ ರೊಟ್ಟಿ ಅದರಲ್ಲಿ ಜಾರಿ ಒಳಗೆ ಹೋಯಿತು. ಅವಳು ಅದನ್ನು ತುತ್ತು ತುತ್ತಾಗಿ, ಅವಸರ ಮಾಡದೆ, ಬದನೆಕಾಯಿಯ ಎಣ್ಣೆಯಲ್ಲಿ ಅದ್ದಿ ಉಂಡಳು. ನಡುವೆ ಒಮ್ಮೆ, "ಹೊಟ್ಟಿ ಒಡದ ಹೋಗತೈತಿ," ಅಂತ ಅಪ್ಪನ ಕಡೆ ತಿರುಗಿ ದೂರಿದಳು. ಅವಳ ಮುಖದಲ್ಲಿ ಹಿಂದೆಂದೂ ಕಾಣದ ಒಂದು ಗತ್ತು ಇತ್ತು. ನಾನು ನೋಡುತ್ತಲೇ ಕೂತಿದ್ದೆ.

ಉಳಿದರ್ಧ ನನ್ನ ಕೈಯಲ್ಲೇ ಇತ್ತು. ಅವ್ವ ಎದ್ದು, ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ತಾಟಿನ ಮೇಲೆ ಹಿಡಿದಳು. ಹಿಡಿದು, ಏನೋ ನೆನಪಾದವಳ ಹಾಗೆ ತಡೆದು, "ನಿನಗ ಬೇಕೇನವಾ?" ಅಂತ ಕೇಳಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಎರಡೂ ಕೈ ಅಡ್ಡ ಹಿಡಿದು, ಹಿಂದುಮುಂದು ನೋಡದೆ, "ಬ್ಯಾಡ, ಸಾಕು," ಅಂದುಬಿಟ್ಟೆ.

"ಆತು," ಅಂದು ಅವ್ವ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿಕೊಂಡು ಒಳಗೆ ಹೋದಳು.